ಕುಬೇರಪ್ಪನ ಡಬ್ಬಿಯಲ್ಲಿ ಎಮ್ಮೆ

೨೫ ಜೂನ್ ೨೦೨೫, ಬುಧವಾರ. ಮಣ್ಣೆತ್ತಿನ ಅಮಾವಾಸ್ಯೆ

ಇವತ್ತು ಮನೆಗೆ ಎಮ್ಮೆ ಬಂತು. ಕಾಲಿಗೆ ನೀರು ಹಾಕಲು ತಂಬಿಗೆ ಹಿಡಿದು ಬಾಗಿಲಿಗೆ ಬಂದ ಸಾವಕ್ಕ ಓಣಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು. ನಾನು ಕಿಸೆಯಿಂದ ಫೋನು ತೆಗೆದು ತೋರಿಸಿದೆ. ಹೆಂಡತಿ ಎನಿಸಿಕೊಂಡವಳು ತಂಬಿಗೆಯ ನೀರನ್ನು ತುಳಸಿಗೆ ಸುರಿದು ಒಳಗೆ ಹೋದಳು.

ಎಮ್ಮೆ ಕೊಟ್ಟವಳು ನನ್ನ ಅಣ್ಣನ ಮಗಳು ಸುಲಭಾ. ಚಿತ್ರಕಲೆ ಕಲಿತವಳು, ಸಪ್ತಾಪುರದಲ್ಲಿ ಖೋಲಿ ಹಿಡಿದು ಇದ್ದಾಳೆ. ಮೂರು ವರ್ಷ ಕೂತು ಹನ್ನೊಂದು ಎಮ್ಮೆ ಬರೆದಿದ್ದಾಳೆ. ಒಂದೊಂದೂ ಅಪ್ಪಟ ಧಾರವಾಡಿ ಎಮ್ಮೆ, ಕೋಡು ಬೆನ್ನಿನವರೆಗೂ ಬಾಗಿದ್ದು. ಫೋನಿನಲ್ಲೇ ಕಿವಿ ಆಡಿಸುತ್ತವೆ, ಬಾಲ ಬೀಸುತ್ತವೆ. ಹನ್ನೊಂದಕ್ಕೂ ಸೇರಿ ‘ಹಟ್ಟಿ’ ಎಂದು ಹೆಸರು. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬೇಕಾದವರಿಗೆ ಸುಮ್ಮನೆ ಕೊಡಬಹುದು, ಅಷ್ಟೆ. ತನಗೆ ಗೊತ್ತಿದ್ದ ಹನ್ನೊಂದು ಜನರಿಗೆ ಒಂದೊಂದು ಹಂಚಿದ್ದಾಳೆ. ಅದರಲ್ಲಿ ಅತ್ಯುತ್ತಮವಾದದ್ದು ನನಗೆ ಬಂದಿದೆ. ಅವಳು ಹಾಗೆ ಹೇಳಲಿಲ್ಲ, ಆದರೆ ಕಣ್ಣಿದ್ದವನಿಗೆ ಹೇಳಬೇಕಾಗಿಲ್ಲ.

ಈ ಎಮ್ಮೆಗಳೆಲ್ಲ ಬ್ಲಾಕ್‌ಚೈನ್ ಎನ್ನುವುದರ ಮೇಲೆ ಇವೆಯಂತೆ. ಒಂದೇ ಮಾತನ್ನು ಊರಿನ ಎಲ್ಲ ಮನೆಗಳ ಗೋಡೆಯ ಮೇಲೂ ಬರೆದಂತೆ, ಒಬ್ಬನು ತನ್ನ ಗೋಡೆಗೆ ಸುಣ್ಣ ಬಳಿದರೂ ಉಳಿದ ಗೋಡೆಗಳು ಸುಳ್ಳು ಹೇಳುವುದಿಲ್ಲ, ಬರೆದವಳಾದ ತಾನೇ ಬಂದರೂ ಅಳಿಸಲಾಗದು ಎಂದು ವಿವರಿಸಿದಳು. ನಾನು ಉಪ್ಪಿನಬೆಟಗೇರಿ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವನು, ತಕ್ಷಣ ತಿಳಿಯಿತು. ಎಮ್ಮೆಯನ್ನು ಸರಪಳಿಯಲ್ಲಿ ಕಟ್ಟಿದ್ದಾಳೆ. ಒಳ್ಳೆಯದೇ. ಹಗ್ಗವಾದರೆ ಕಡಿದುಕೊಂಡು ಹೋಗುತ್ತವೆ.

ಆಮೇಲೆ ಮೇವಿನ ವಿಷಯ ಹೇಳತೊಡಗಿದಳು. ಎಮ್ಮೆಯ ಯಜಮಾನ ತಾನೇ ಮೇವು ಹಾಕುವಂತಿಲ್ಲವಂತೆ, ಬೇರೆಯವರೇ ತಮ್ಮ ಫೋನನ್ನು ಯಜಮಾನನ ಫೋನಿನ ಮುಂದೆ ಹಿಡಿದು ಹಾಕಬೇಕಂತೆ. ಅದೂ ಒಂದು ಕೈ ಒಂದು ಎಮ್ಮೆಗೆ ಒಂದೇ ಸಲ. ಬರುವ ತಿಂಗಳು ೨೭ಕ್ಕೆ ಧಾರವಾಡದ ಚಿತ್ರಶಾಲೆಯಲ್ಲಿ ಇವಳ ಪ್ರದರ್ಶನವಿದೆ, ದೊಡ್ಡ ಗೋಡೆಯ ಮೇಲೆ ಹನ್ನೊಂದೂ ನಡೆದಾಡಬೇಕು.

“ಕಾಕಾ, ಒಂದ ಎಮ್ಮಿ ಹಸದು ಸತ್ತರ ಹಟ್ಟಿ ಬಾಗಲಾ ಮುಚ್ಚತೈತಿ. ಉಳಿದ ಹತ್ತೂ ಹೋಗ್ತಾವು. ತಿಳೀತಲ್ರಿ?”

ಎಮ್ಮೆಯ ಹೊಟ್ಟೆಯ ನೆರಳಲ್ಲಿ ಬೆಳೆದವನಿಗೆ ಮೇವಿನ ಪಾಠ. ಆಗಲವ್ವ, ಆಗಲವ್ವ ಎಂದು ಕಳಿಸಿದೆ. ಎಮ್ಮೆಗೆ ಕರೆವ್ವ ಎಂದು ಹೆಸರಿಟ್ಟೆ.

ಅಂಗಳದಲ್ಲಿ ಮಣ್ಣೆತ್ತು, ಕಿಸೆಯಲ್ಲಿ ಗಾಜಿನೆಮ್ಮೆ, ಒಳ್ಳೆ ಒಕ್ಕಲುತನ ಎಂದು ಸಾವಕ್ಕ ಗೊಣಗಿದಳು. ನಿನ್ನ ಮಣ್ಣೆತ್ತು ಮೇವು ತಿನ್ನುತ್ತದೆಯೇ ಎಂದು ಕೇಳಿದೆ. ಅದಕ್ಕವಳು, ಮಣ್ಣೆತ್ತು ಬಡಿವಾರವನ್ನಾದರೂ ಕೊಚ್ಚುವುದಿಲ್ಲ ಎಂದಳು. ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಊಟ ಬಡಿಸುವ ಹೊತ್ತಾಗಿದ್ದರಿಂದ ಹೇಳಲಿಲ್ಲ.

೨೭ ಜೂನ್, ಶುಕ್ರವಾರ

ಹೊಸ ಎಮ್ಮೆ ಬಂದಾಗ ಬಲ್ಲವನು ಮಾಡುವ ಮೊದಲ ಕೆಲಸ ಮರೆ ಮಾಡುವುದು. ನಮ್ಮಪ್ಪ ಕೊಟ್ಟಿಗೆಯ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು, ತಿಂಗಳುಗಟ್ಟಲೆ ಸ್ವಂತ ತಂಗಿಗೂ ಎಮ್ಮೆಯ ಮುಖ ತೋರಿಸುತ್ತಿರಲಿಲ್ಲ. ದೃಷ್ಟಿ ಎನ್ನುವುದು ಮೊದಲು ಹಾಲಿಗೆ ತಾಗುತ್ತದೆ, ಆಮೇಲೆ ಹೊಟ್ಟೆಗೆ. ಸುಲಭಾ ಪಟ್ಟಣದ ಹುಡುಗಿ, ಇದೆಲ್ಲ ಅವಳಿಗೇನು ಗೊತ್ತು.

ಫೋನಿನ ಗಾಜಿಗೆ, ಕರೆವ್ವನ ಹೊಟ್ಟೆಯ ಮೇಲೆ ಬರುವಂತೆ, ಕಾಡಿಗೆಯ ದೊಡ್ಡ ಬೊಟ್ಟು ಇಟ್ಟೆ. ಸುತ್ತ ಕರಿದಾರ ಕಟ್ಟಿ ಒಂದು ಲಿಂಬೆಹಣ್ಣು, ಐದು ಮೆಣಸಿನಕಾಯಿ ತೂಗುಬಿಟ್ಟೆ. ಆಮೇಲೆ ಅದು ಕಿಸೆಯಲ್ಲಿ ಹಿಡಿಸಲಿಲ್ಲ. ಕೊಟ್ಟಿಗೆ ಹುಡುಕುತ್ತ ಹೋದಾಗ ಅಡುಗೆಮನೆಯ ಮಾಡದಲ್ಲಿ ಗಟ್ಟಿ ಮುಚ್ಚಳದ ಸ್ಟೀಲಿನ ಡಬ್ಬಿ ಸಿಕ್ಕಿತು. ಫೋನು, ಲಿಂಬೆಹಣ್ಣು ಎರಡೂ ಅಳತೆ ಕೊಟ್ಟು ಮಾಡಿಸಿದಂತೆ ಕೂತವು.

ಡಬ್ಬಿ ಪಕ್ಕದ ಮನೆಯ ಕುಬೇರಪ್ಪನದು. ಮುಚ್ಚಳದ ಮೇಲೆ ಅವನ ಹೆಂಡತಿ ರತ್ನವ್ವನ ಹೆಸರು ಕೊರೆಸಿದೆ. ಎರಡು ವರ್ಷದ ಹಿಂದೆ ನಾಗರ ಪಂಚಮಿಗೆ ಇದರಲ್ಲಿ ಶೇಂಗಾ ಉಂಡಿ ಬಂದಿದ್ದವು. ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು, ಇದು ನಮ್ಮ ಕಡೆಯ ಪದ್ಧತಿ. ಸಾವಕ್ಕ ಮೂರು ಸಲ ತುಂಬಿ ನನ್ನ ಕೈಗೆ ಕೊಟ್ಟಳು, ಒಮ್ಮೆ ಚಕ್ಕುಲಿ, ಒಮ್ಮೆ ಕರದಂಟು, ಒಮ್ಮೆ ಅವಲಕ್ಕಿ. ನಮ್ಮ ಗೇಟಿಗೂ ಅವನ ಗೇಟಿಗೂ ನಡುವೆ ಏನಾಗುತ್ತಿತ್ತೋ ದೇವರೇ ಬಲ್ಲ, ಅಲ್ಲಿ ಮುಟ್ಟುವ ಹೊತ್ತಿಗೆ ಡಬ್ಬಿ ಖಾಲಿಯಾಗಿರುತ್ತಿತ್ತು. ಖಾಲಿ ಡಬ್ಬಿ ಕೊಡುವಷ್ಟು ಸಂಸ್ಕಾರ ಇಲ್ಲದವನಲ್ಲ ನಾನು. ಮರಳಿ ತರುತ್ತಿದ್ದೆ.

ಈ ಸೂಕ್ಷ್ಮವೆಲ್ಲ ಕುಬೇರಪ್ಪನಿಗೆ ತಿಳಿಯಲಿಲ್ಲ. ಗರಗದವನು, ಇಡೀ ಊರಿನ ಖಾದಿಯನ್ನು ತಾನೊಬ್ಬನೇ ನೂತವನಂತೆ ಅಂಗಿಗೆ ಇಸ್ತ್ರಿ ಹಾಕಿಕೊಂಡು ತಿರುಗುತ್ತಾನೆ. ಹೋದ ವರ್ಷ ಶಶಿಕುಮಾರನ ಚಹಾದಂಗಡಿಯಲ್ಲಿ, ನಾಲ್ಕು ಜನರ ಮುಂದೆ, “ಏನ್ರಿ ಬೀರಲಿಂಗಪ್ಪ, ನಮ್ಮ ಡಬ್ಬಿ ನಿಮ್ಮ ಮನ್ಯಾಗ ಸಂಸಾರ ಹೂಡೇತೇನು?” ಎಂದ. ಎಲ್ಲರೂ ನಕ್ಕರು. ಅಂದಿನಿಂದ ಮಾತಿಲ್ಲ.

ಇವತ್ತು ಸಂಜೆ ಕಟ್ಟೆಯ ಮೇಲೆ ಕೂತು ಕರೆವ್ವನನ್ನು ನೋಡುತ್ತಿದ್ದೆ. ಗೋಡೆಯ ಆಚೆಯಿಂದ ಕುತ್ತಿಗೆ ಉದ್ದ ಮಾಡಿ ಅವನು ಇಣುಕಿದ, ಕೈಯಲ್ಲಿ ತನ್ನ ಫೋನು ಬೇರೆ. ದೃಷ್ಟಿ ಸಾಲದೆಂದು ಫೋಟೋ ಹೊಡೆಯಲು ಬಂದಿರಬೇಕು. ಕರೆವ್ವನ ಮೇಲೆ ಟಾವೆಲ್ ಹೊಚ್ಚಿದೆ.

೧ ಜುಲೈ, ಮಂಗಳವಾರ

ಕರೆವ್ವ ಕ್ಷೇಮ. ತುಸು ಇಳಿದಿದ್ದಾಳೆ. ಮಳೆಗಾಲದಲ್ಲಿ ಹಸಿ ಹುಲ್ಲು ತಿಂದ ಎಮ್ಮೆ ಹೀಗೆ ಹಗುರಾಗುವುದುಂಟು. ಇವಳು ಏನೂ ತಿಂದಿಲ್ಲ ಎನ್ನುವುದು ಬೇರೆ ಮಾತು.

ಕುಬೇರಪ್ಪ ಇವತ್ತೂ ಇಣುಕಿದ. ಟಾವೆಲ್.

೬ ಜುಲೈ, ರವಿವಾರ

ಚಹಾದಂಗಡಿಯಲ್ಲಿ ಎಮ್ಮೆ ವಿಷಯ ಹೇಳಿದೆ. ಸುಲಭಾ ಹೇಳಿದ್ದನ್ನೆಲ್ಲ ಹೇಳಿ, ಅವಳು ಹೇಳದ್ದನ್ನೂ ಸೇರಿಸಿದೆ. ನಮ್ಮ ಇಡೀ ಲಕಮನಹಳ್ಳಿಯಲ್ಲಿ ಸರಪಳಿಯ ಎಮ್ಮೆ ಇರುವುದು ನನ್ನೊಬ್ಬನ ಹತ್ತಿರ, ಜಪಾನಿನವರು ಕೇಳಿದರೂ ಕೊಡಲಿಲ್ಲ ಎಂದೆ. ಶಶಿಕುಮಾರ ತೋರಿಸಿ ಎಂದ. ತೋರಿಸುವುದಿಲ್ಲ ಎಂದೆ. ಹಾಲಾದರೂ ತನ್ನಿ, ಚಹಾಕ್ಕೆ ಆಗುತ್ತದೆ ಎಂದ. ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಭದ್ರತೆಯ ಹೊಣೆ ಹೊತ್ತವನು ನಾನು, ನನ್ನ ಅಪ್ಪಣೆ ಇಲ್ಲದೆ ಒಂದು ಲಾರಿ ಹೊರಗೆ ಹೋದದ್ದಿಲ್ಲ, ಒಂದು ಎಮ್ಮೆಯನ್ನು ಹೊರಗೆ ಬಿಡುತ್ತೇನೆಯೇ?

ಮಧ್ಯಾಹ್ನ ಡಬ್ಬಿ ಸಮೇತ ಕೆಲಗೇರಿ ಕೆರೆಗೆ ಹೋದೆ. ಎಮ್ಮೆ ಇಳಿಯುವುದು ನೀರು ಕಾಣದೆ. ದಂಡೆಯ ಮೇಲೆ ಮುಚ್ಚಳ ತೆಗೆದು ಕರೆವ್ವನನ್ನು ನೀರಿನ ಕಡೆಗೆ ತಿರುಗಿಸಿ ಹಿಡಿದೆ. ಕೆರೆಯಲ್ಲಿ ಇದ್ದ ನಿಜವಾದ ಎಮ್ಮೆಗಳು ತಲೆಯೆತ್ತಿ ನೋಡಿದವು. ಅವನ್ನು ಮೇಯಿಸುತ್ತಿದ್ದವನು ಏನು ಮಾಡುತ್ತಿದ್ದೀರಿ ಎಂದು ಕೇಳಿದ. ನೀರು ಕುಡಿಸುತ್ತಿದ್ದೇನೆ ಎಂದೆ. ಅವನು ತನ್ನ ಎಮ್ಮೆಗಳನ್ನೆಲ್ಲ ಹೊಡೆದುಕೊಂಡು ಆಚೆ ದಂಡೆಗೆ ಹೋದ. ನನ್ನ ಎಮ್ಮೆಯ ತಳಿ ನೋಡಿ ನಾಚಿಕೆಯಾಗಿರಬೇಕು.

೧೧ ಜುಲೈ, ಶುಕ್ರವಾರ

ಸುಲಭಾ ಬಂದಿದ್ದಳು. ಮಳೆಯಲ್ಲಿ, ಸಿಟಿ ಬಸ್ಸಿನಲ್ಲಿ, ಅರ್ಧ ನೆನೆದು. ಎರಡು ವಾರದಿಂದ ಫೋನು ಮಾಡುತ್ತಿದ್ದಾಳಂತೆ, ಹತ್ತುತ್ತಲೇ ಇಲ್ಲವಂತೆ. ಫೋನೆಲ್ಲಿ ಎಂದು ಕೇಳಿದಳು. ಮಾಡದಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ.

ಹುಡುಗಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕರಿದಾರ ಬಿಚ್ಚಿದಳು, ಬಾಡಿದ ಲಿಂಬೆಹಣ್ಣನ್ನು ಪಕ್ಕಕ್ಕಿಟ್ಟಳು, ಓಢಣಿಯ ತುದಿಯಿಂದ ಕಾಡಿಗೆ ಒರೆಸಿದಳು. ಕಾಡಿಗೆಯ ಅಡಿಯಲ್ಲಿ ಇಷ್ಟು ದಿನ ನನಗೆ ಕಾಣದೆ ಇದ್ದದ್ದು ಕರೆವ್ವನ ಪಕ್ಕೆಲುಬು. ಬಾಲ ಬೀಸುವುದನ್ನೂ ಬಿಟ್ಟಿದ್ದಳು.

ಉಳಿದ ಹತ್ತನ್ನು ತನ್ನ ಫೋನಿನಲ್ಲಿ ತೋರಿಸಿದಳು. ಒಂದೊಂದರ ಕೆಳಗೂ ಮೇವು ಹಾಕಿದವರ ಹೆಸರು ಸಾಲಾಗಿವೆ. ಕರೆವ್ವನ ಕೆಳಗೆ ಒಂದೂ ಇಲ್ಲ. ಎಲ್ಲಕ್ಕಿಂತ ದಪ್ಪ ಇದ್ದದ್ದು ಬಂಗಾರಿ ಎನ್ನುವ ಎಮ್ಮೆ. ಅದರ ಯಜಮಾನ ಯಾರು ಎಂದು ಕೇಳಿದೆ. ನಿಮ್ಮ ಗೋಡೆಯ ಆಚೆಯವರೇ ಎಂದಳು. ನನಗೆ ಕೊಟ್ಟ ದಿನವೇ ಅವನಿಗೂ ಕೊಟ್ಟಿದ್ದಾಳೆ. ಬಂಗಾರಿಯ ಹೆಸರಿನ ಸಾಲಿನಲ್ಲಿ ಮೂರನೆಯದು ಸಾವಕ್ಕ. ನನ್ನ ಸ್ವಂತ ಹೆಂಡತಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ರತ್ನವ್ವ ತೋರಿಸಿದಳಂತೆ, ಇವಳು ಹಾಕಿದಳಂತೆ. ನಮ್ಮ ಕರೆವ್ವನಿಗೆ ಯಾಕೆ ಹಾಕಲಿಲ್ಲ ಎಂದರೆ, ನೀವು ತೋರಿಸಿದ್ದರಲ್ಲವೇ ಹಾಕುವುದು ಎಂದಳು.

ದೃಷ್ಟಿಯ ವಿಷಯ ಸುಲಭಾಳಿಗೆ ತಿಳಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ದೃಷ್ಟಿ ತಾಗ್ಲಿ ಅಂತನ ಬರದ ಎಮ್ಮಿರಿ ಕಾಕಾ ಇದು. ಮಂದಿ ನೋಡಿದ್ರನ ಬದುಕತೈತಿ.”

ನೀನೇ ಕಟ್ಟಿದ ಸರಪಳಿ, ನೀನೇ ಒಂದು ಹಿಡಿ ಮೇವು ತೂರಿಸಿಬಿಡು ಎಂದೆ. ಬರೆದವಳ ಕೈಗೆ ಮೇವು ಹಾಕಲು ಬಾರದಂತೆ ತಾನೇ ಕಟ್ಟಿಕೊಂಡಿದ್ದಾಳಂತೆ. ತನಗೆ ಬಿಚ್ಚಲು ಬರುವಂತಿದ್ದರೆ ಅದು ಬರೀ ಚಿತ್ರವಾಗುತ್ತಿತ್ತಂತೆ. ರೊಟ್ಟಿ ಅರ್ಧ ತಿಂದು ಎದ್ದಳು. ಗೇಟಿನವರೆಗೆ ಹೋಗಿ ತಿರುಗಿ ನಿಂತಳು.

“ನಿಮಗ್ಯಾಕ ಕೊಟ್ಟೆ ಗೊತ್ತೇನ್ರಿ ಕಾಕಾ? ನಿಮ್ಮ ಬಾಯಿ ನಂಬಿ ಕೊಟ್ಟೆ. ಒಂದು ಹೊಸಾ ಚಪ್ಪಲಿ ತಂದ್ರೂ ಓಣಿ ತುಂಬ ತೋರಿಸ್ಕೊಂತ ಅಡ್ಡಾಡ್ತೀರಿ. ಎಲ್ಲಾರಕಿಂತ ನಿಮ್ಮ ಎಮ್ಮಿನ ದಪ್ಪ ಆಗ್ತೈತಿ ಅಂದ್ಕೊಂಡಿದ್ದೆ.”

ಛತ್ರಿ ಕೊಟ್ಟೆ. ಶಶಿಕುಮಾರನದು, ಆದರೂ ಕೊಟ್ಟೆ. ಬೇಡವೆಂದು ಮಳೆಯಲ್ಲೇ ಹೋದಳು.

ಊಟ ಸೇರಲಿಲ್ಲ. ಬದನೆಕಾಯಿಗೆ ಉಪ್ಪು ಹೆಚ್ಚಾಗಿತ್ತು. ಸಾವಕ್ಕ ಇಲ್ಲವೆನ್ನುತ್ತಾಳೆ.

೧೨ ಜುಲೈ, ಶನಿವಾರ

ಬೆಳಿಗ್ಗೆಯೇ ಸಾವಕ್ಕನ ಕೈಯಿಂದ ಮೇವು ಹಾಕಿಸಿದೆ. ನನ್ನ ಫೋನಿನಲ್ಲಿ ಕರೆವ್ವನ ಕೆಳಗೆ, ಅಂಗಡಿಯಲ್ಲಿ ಹಣ ಕಳಿಸುವಾಗ ಹಿಡಿಯುವಂಥ ಚೌಕಟ್ಟಿನ ಗುರುತಿದೆ. ಅವಳು ತನ್ನ ಫೋನನ್ನು ಅದಕ್ಕೆ ಹಿಡಿದಳು. ಒಂದು ಹಿಡಿ ಹುಲ್ಲು ಬಿತ್ತು. ಕರೆವ್ವ ನಿಧಾನಕ್ಕೆ ಮೂಸಿ, ತಿಂದು, ಒಂದು ಸಲ ಕಿವಿ ಆಡಿಸಿದಳು. ಒಂದು ಪಕ್ಕೆಲುಬು ಮುಚ್ಚಿತು. ಸಾವಕ್ಕ ಅಯ್ಯವ್ವ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಗಾಜಿನೆಮ್ಮೆ ಎಂದವಳು ಇವಳೇ.

ಒಂದು ಹಿಡಿ ಎರಡು ಮೂರು ದಿನಕ್ಕೆ ಸಾಕಂತೆ. ಇನ್ನೊಂದು ಹಿಡಿ ಹಾಕೆಂದೆ. ಒಂದು ಕೈಗೆ ಒಂದೇ ಸಲ ಎಂದು ಫೋನು ಒಪ್ಪಲಿಲ್ಲ. ಎಡಗೈಯಲ್ಲಿ ಹಿಡಿದು ನೋಡು ಎಂದೆ. ನೋಡಿದಳು. ಸರಪಳಿಗೆ ಎಡ, ಬಲದ ಭೇದ ತಿಳಿಯದು. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ಇದೊಂದು ದೋಷ ನಾನು ಕಂಡುಹಿಡಿದಂತಾಯಿತು.

೧೫ ಜುಲೈ, ಮಂಗಳವಾರ

ಶಶಿಕುಮಾರನ ಮುಂದೆ ಫೋನು ಹಿಡಿದೆ. ಜಪಾನಿನವರಿಗೆ ಕೊಡದ ಎಮ್ಮೆ ಇದೇನೋ ಎಂದು ತಿರುತಿರುಗಿಸಿ ನೋಡಿದ. ಮೇವು ಹಾಕು ಎಂದರೆ, “ಕಾಕಾ, ಹ್ವಾದ ಮಳಿಗಾಲಕ್ಕ ಒಯ್ದ ಛತ್ರಿ ಈ ಮಳಿಗಾಲಕ್ಕರ ಬರತೈತೇನ್ರಿ?” ಎಂದ. ಮನೆಗೆ ಬಂದು ಛತ್ರಿ ಒಯ್ದು ಕೊಟ್ಟೆ, ಅವನು ಮೇವು ಹಾಕಿದ. ಅದರಲ್ಲೇನೂ ಇಲ್ಲ, ಮೂಲೆಯಲ್ಲಿ ಜಾಗ ಹಿಡಿದಿತ್ತು. ಮುರಿದ ಒಂದು ಕಡ್ಡಿಯನ್ನು ತಂತಿ ಬಿಗಿದು ಸರಿ ಮಾಡಿದೆ, ಅದೂ ಕೈ ಖಾಲಿ ಇತ್ತೆಂದು.

ಗಿರಣಿಯ ಬೀರವ್ವನಿಗೆ ಹಿಟ್ಟು ಸೋಸುವ ಅವಳ ಸಾಣಿಗೆ ಬೇಕಂತೆ. ಅದು ನಮ್ಮದೇ ಎಂದು ನಾನು ಪೂರ್ತಿ ನಂಬಿದ್ದೆ. ಕೊಟ್ಟೆ. ಸಾವಕ್ಕ ಅದರಲ್ಲಿ ನಾಲ್ಕು ಹಸಿಮೆಣಸಿನಕಾಯಿ ಹಾಕಿ ಕಳಿಸಿದಳು. ಬೀರವ್ವ ಕೈಯ ಹಿಟ್ಟು ಒರೆಸಿಕೊಂಡು ಮೇವು ಹಾಕಿದಳು, ಕರೆವ್ವನ ಕೋಡಿನ ಮೇಲೂ ಸ್ವಲ್ಪ ಹಿಟ್ಟು ಹತ್ತಿತು.

ಹಟ್ಟಿಯ ಉಳಿದ ಒಂಬತ್ತು ಎಮ್ಮೆಗಳಿಗೂ ಪ್ರದರ್ಶನದ ದಿನ ನಾನು ಒಂದೊಂದು ಹಿಡಿ ಹಾಕುವವನಿದ್ದೇನೆ. ಎಲ್ಲದರ ಕೆಳಗೂ ನನ್ನ ಹೆಸರು ಇರಲಿ, ಚಿತ್ರಶಾಲೆಯಲ್ಲಿ ಜನ ಓದುತ್ತಾರೆ. ಬಂಗಾರಿಗೆ ಮಾತ್ರ ಹಾಕುವುದಿಲ್ಲ. ಅದಕ್ಕೆ ಬೊಜ್ಜು ಬಂದಿದೆ, ಒಳ್ಳೆಯದಲ್ಲ.

೧೮ ಜುಲೈ, ಶುಕ್ರವಾರ

ನಮ್ಮ ಓಣಿಯಲ್ಲಿ ಅರ್ಧ ಜನರ ಹತ್ತಿರ ಗುಂಡಿ ಒತ್ತುವ ಫೋನು. ಉಳಿದರ್ಧದಲ್ಲಿ ನನ್ನ ಮಾತು ಕೇಳುವವರು ಮುಗಿದರು. ಆದ್ದರಿಂದ ಜುಬಿಲಿ ಸರ್ಕಲ್ಲಿಗೆ ಹೋಗಿ ಬಸ್ಸು ಕಾಯುವವರ ಮುಂದೆ ಫೋನು ಹಿಡಿದು, ಇದಕ್ಕೆ ನಿಮ್ಮ ಫೋನು ಹಿಡಿಯಿರಿ, ಎಮ್ಮೆಗೆ ಮೇವು ಬೀಳುತ್ತದೆ ಎಂದು ವಿನಯದಿಂದ ಹೇಳಿದೆ.

ಒಬ್ಬ ಹೆಣ್ಣುಮಗಳು ಚೀಲವನ್ನು ಎದೆಗೆ ಅವಚಿಕೊಂಡಳು. ಒಬ್ಬ ಕಾಲೇಜಿನವನು ಬ್ಯಾಂಕಿನ ದುಡ್ಡು ಎಳೆಯುವ ಹೊಸ ಉಪಾಯ ಇದು, ಹುಷಾರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ನಿಂತಲ್ಲಿಗೇ ಪೊಲೀಸಪ್ಪ ಬಂದ. ಎಮ್ಮೆ ಎಲ್ಲಿದೆ ಎಂದ, ತೋರಿಸಿದೆ. ಇದು ಸಾಯುತ್ತಿದೆಯಲ್ಲ ಎಂದ. ಹೌದು ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹಿರಿಯರೆಂದು ಸ್ವತಃ ಬಸ್ಸು ಹತ್ತಿಸಿ ಕಳಿಸಿದ. ಮೇವು ಮಾತ್ರ ಹಾಕಲಿಲ್ಲ.

ಗುರುತಿನವರ ಮುಂದೆ ಮಾತ್ರ ಮಂದಿ ಫೋನು ತೆರೆಯುತ್ತಾರೆ. ಇಡೀ ಧಾರವಾಡ ನನ್ನನ್ನು ಬಲ್ಲದು ಎಂದುಕೊಂಡಿದ್ದೆ. ಜುಬಿಲಿ ಸರ್ಕಲ್ ಬಿಟ್ಟು ಉಳಿದ ಧಾರವಾಡ ಬಲ್ಲದು.

೨೧ ಜುಲೈ, ಸೋಮವಾರ

ಮಳೆ. ಕರೆವ್ವ ಮಲಗಿದ್ದಾಳೆ. ಕೋಡು ಮಾತ್ರ ಮೊದಲಿನಂತೆ ಇದೆ.

೨೪ ಜುಲೈ, ಗುರುವಾರ. ನಾಗರ ಅಮಾವಾಸ್ಯೆ

ಸುಲಭಾ ಫೋನು ಮಾಡಿದ್ದಳು. ಗೋಡೆಗೆ ಬಣ್ಣ ಹಚ್ಚುತ್ತಿದ್ದಾರಂತೆ. ಕರೆವ್ವ ಹೇಗಿದ್ದಾಳೆ ಎಂದು ಅವಳು ಕೇಳಲಿಲ್ಲ. ತನ್ನ ಫೋನಿನಲ್ಲಿ ಕಾಣುತ್ತದಲ್ಲ. ಊಟವಾಯಿತೇ ಎಂದು ಎರಡು ಸಲ ಕೇಳಿದಳು, ಇಟ್ಟಳು.

ಸಾವಕ್ಕ ಪಂಚಮಿಯ ಉಂಡಿ ಕಟ್ಟುತ್ತಿದ್ದಾಳೆ. ಶೇಂಗಾ ಹುರಿದ ವಾಸನೆಗೆ ನಾನು ಎದ್ದು ಹೋಗಿ ಒಂದಾದರೂ ಬಾಯಿಗೆ ಹಾಕಿಕೊಳ್ಳುವವನು, ಇವತ್ತು ಕಟ್ಟೆಯ ಮೇಲೇ ಕೂತಿದ್ದೆ. ಅವಳೇ ಬಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಒಳಗಿನಿಂದ, ಯಾರಿಗೆ ಎಂದಿಲ್ಲದೆ ಹೇಳಿದಳು.

“ಗ್ವಾಡಿ ಆಚಿಗೆ ಇನ್ನೂ ಎರಡು ಕೈ ಅದಾವು.”

ಆ ಮನೆಯ ಹೊಸ್ತಿಲು ತುಳಿಯುವುದಕ್ಕಿಂತ ಎಮ್ಮೆ ಸತ್ತರೂ ಚಿಂತೆಯಿಲ್ಲ ಎಂದೆ. ಹೇಳಿದ ಮೇಲೆ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಉಸಿರಾಡುತ್ತಿದ್ದಳು. ಅವಳ ಕಿವಿಗೆ ಬಿದ್ದಿತೇನೋ ಎಂದು ಒಂದು ನಮೂನೆಯಾಯಿತು. ಮುಚ್ಚಳ ಹಾಕದೆ ಹಾಗೇ ಇಟ್ಟೆ.

೨೫ ಜುಲೈ, ಶುಕ್ರವಾರ

ಬೆಳಿಗ್ಗೆ ನಾನೇ ಡಬ್ಬಿ ತೊಳೆದೆ. ಸಾವಕ್ಕ ತುಂಬಿದಳು, ಕೆಳಗೆ ಶೇಂಗಾ ಉಂಡಿ, ಮೇಲೆ ರವೆ ಉಂಡಿ. ಮುಚ್ಚಳ ಒತ್ತಿ ನನ್ನ ಕೈಯಲ್ಲಿಟ್ಟು ಗೇಟಿನವರೆಗೂ ಬಂದು, ಸೊಂಟದ ಮೇಲೆ ಕೈ ಇಟ್ಟು ನಿಂತಳು. ನಂಬಿಕೆ ಇಲ್ಲದ ಹೆಂಗಸು. ನಡುದಾರಿಯಲ್ಲಿ ಒಂದೇ ಒಂದು ತಿಂದೆ, ಬೆಲ್ಲ ಸರಿಯಾಗಿದೆಯೋ ಇಲ್ಲವೋ ಪರೀಕ್ಷಿಸಬೇಕಲ್ಲ. ಸರಿಯಾಗಿತ್ತು. ಎರಡನೆಯದಕ್ಕೆ ಕೈ ಹೋಯಿತು. ಕಿಸೆಯಲ್ಲಿ ಕರೆವ್ವ ಇದ್ದಳು. ಮುಚ್ಚಳ ಹಾಕಿದೆ.

ಬಾಗಿಲು ತೆಗೆದವನು ಕುಬೇರ‍ಪ್ಪನೇ. ನನ್ನನ್ನು ನೋಡಲಿಲ್ಲ, ಡಬ್ಬಿಯನ್ನು ನೋಡಿದ, ಜಾತ್ರೆಯಲ್ಲಿ ಕಳೆದುಹೋದ ತಮ್ಮನನ್ನು ನೋಡಿದ ಹಾಗೆ. ಕೈಗೆ ತೆಗೆದುಕೊಂಡು ಮುಚ್ಚಳದ ಮೇಲಿನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ತೂಕ ನೋಡಿದ.

“ತುಂಬೇತಲ್ಲ?” ಎಂದು ಗೋಡೆಯ ಕಡೆಗೆ ಮುಖ ಮಾಡಿ ಕೇಳಿದ.

ಖಾಲಿ ಡಬ್ಬಿ ಕೊಡುವ ಮನೆತನ ನಮ್ಮದಲ್ಲ ಎಂದು ನಾನೂ ಅದೇ ಗೋಡೆಗೆ ಹೇಳಿದೆ.  ಮಳೆಹನಿ ಬೀಳುತ್ತಿತ್ತು. ಏನು ಹೇಳಬೇಕೆಂದು ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡಿದ್ದೆ, ಬಹಳ ಗಂಭೀರವಾದ ಮಾತು, ಅದರಲ್ಲಿ ಒಂದು ಗಾದೆಯೂ ಇತ್ತು. ಅದನ್ನೆಲ್ಲ ಬಿಟ್ಟು ಫೋನು ತೆಗೆದು ಅವನ ಕಣ್ಣ ಮುಂದೆ ಹಿಡಿದೆ.  ಕರೆವ್ವನ ಮೈಯ ಗೆರೆ ಎಷ್ಟು ತೆಳ್ಳಗಾಗಿತ್ತೆಂದರೆ, ಅವನು ಕನ್ನಡಕ ಏರಿಸಿ ಹುಡುಕಿದ.

“ಏ, ಇವಳೇ, ಫೋನ್ ತಾ. ಲಗೂ ತಾ,” ಎಂದು ರತ್ನವ್ವನನ್ನು ಕೂಗಿದ. ಆಮೇಲೆ ನನ್ನ ಕಡೆ ತಿರುಗಿದ. “ನಾ ದಿನಾ ಸಂಜಿಮುಂದ ಗ್ವಾಡಿ ಮ್ಯಾಲಿಂದ ಇಣುಕತಿದ್ನೆಲ್ಲ, ಯಾಕಂತ ತಿಳದಿದ್ದಿ?”

“ದೃಷ್ಟಿ ಹಾಕಾಕ.”

“ಮೇವ ಹಾಕಾಕೋ, ಹುಚ್ಚಪ್ಪಾ. ಮೊದಲನೇ ಹಿಡಿ ನಂದಾ ಇರಲಿ ಅಂತ ಫೋನ್ ಹಿಡಕೊಂಡು ನಿಂದರತಿದ್ದೆ. ನೀ ಎಮ್ಮಿ ಮ್ಯಾಲ ಟಾವೆಲ್ ಹೊಚ್ಚತಿದ್ದಿ.”

ಒಂದು ವರ್ಷದ ಹಿಂದೆ ಇವನು ನನಗೆ ರೀ ಹಚ್ಚಿ ಮಾತಾಡಿದ್ದ. ಇವತ್ತು ಹುಚ್ಚಪ್ಪಾ ಎಂದ. ಗಮನಿಸಿದೆ, ಆದರೆ ಅಂಥದ್ದನ್ನೆಲ್ಲ ಎತ್ತಿ ಆಡುವ ಸಣ್ಣ ಮನುಷ್ಯ ನಾನಲ್ಲ.

ಅವನು ಹಾಕಿದ. ರತ್ನವ್ವ ಹಾಕಿದಳು. ಕರೆವ್ವ ಮೊದಲು ಒಂದು ಮುಂಗಾಲು ಊರಿದಳು, ಆಮೇಲೆ ಇನ್ನೊಂದು, ಎದ್ದು ನಿಂತು ಮೈ ಕೊಡವಿ ಬಾಲ ಬೀಸಿದಳು. ಮೂರೂ ಜನ ಫೋನಿನ ಮೇಲೆ ಬಗ್ಗಿ ನೋಡುತ್ತಿದ್ದಾಗ ಕುಬೇರಪ್ಪನ ತಲೆ ನನ್ನ ತಲೆಗೆ ಬಡಿಯಿತು. ಅವನ ತಲೆ ಗಟ್ಟಿ. ನನ್ನದರಷ್ಟಲ್ಲ.

ಬಂಗಾರಿಗೆ ನಾನೂ ಒಂದು ಹಿಡಿ ಹಾಕಿದೆ. ನನ್ನ ಕೈ ಬಿದ್ದ ಮೇಲೆ ಅದಕ್ಕೆ ನಿಜವಾದ ಕಳೆ ಬಂತು. ಚಹಾ ಕುಡಿದು ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಮ್ಮ ಗೇಟಿನಲ್ಲಿ ಸಾವಕ್ಕ ಇನ್ನೂ ನಿಂತಿದ್ದಳು.  ಒಳಗೆ ಹೋಗಿ ನನ್ನ ತಟ್ಟೆಗೆ ಐದು ಉಂಡಿ ಇಟ್ಟಳು.

೨೭ ಜುಲೈ, ರವಿವಾರ

ಚಿತ್ರಶಾಲೆಗೆ ಕುಬೇರಪ್ಪ, ನಾನು ಒಂದೇ ಬಸ್ಸಿನಲ್ಲಿ ಹೋದೆವು. ಕಿಟಕಿಯ ಪಕ್ಕ ಅವನು ಕೂತ. ನಾನೇ ಬಿಟ್ಟುಕೊಟ್ಟೆ, ಅವನ ಖಾದಿಗೆ ಗಾಳಿ ಬೇಕು.

ಗೋಡೆ ನಮ್ಮ ಮನೆಗಿಂತ ಉದ್ದ. ಅದರ ಮೇಲೆ ಹನ್ನೊಂದು ಎಮ್ಮೆ, ನಿಜವಾದ ಎಮ್ಮೆಯ ಎತ್ತರ, ಸಾಲಾಗಿ ನಡೆಯುತ್ತಿದ್ದವು. ಕಾಲ ಸಪ್ಪಳವೂ ಕೇಳುತ್ತಿತ್ತು. ಎಲ್ಲದರ ಹಿಂದೆ, ನಾಲ್ಕು ಹೆಜ್ಜೆ ತಡವಾಗಿ, ಕರೆವ್ವ. ಮೈಮೇಲೆ ಹೆಚ್ಚೇನೂ ಇಲ್ಲ, ಆದರೆ ಆ ಕೋಡು, ಆ ನಡಿಗೆ. ಸುಲಭಾ ನನ್ನ ಹತ್ತಿರ ಬಂದು ನಿಂತಳು. ಇಬ್ಬರೂ ಗೋಡೆ ನೋಡಿದೆವು. ಅವಳು ನನ್ನ ತೋಳು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಎಮ್ಮೆಗೆ ಅಂಜಿ ಹಿಡಿದುಕೊಳ್ಳುತ್ತಿದ್ದಂತೆ. ಕೋಣೆಯಲ್ಲಿ ಬಣ್ಣದ ವಾಸನೆ ಜಾಸ್ತಿ ಇತ್ತು, ನನಗೆ ಕಣ್ಣು ಉರಿಯಿತು.

ಬಂದವರೆಲ್ಲ ಬಂಗಾರಿಯನ್ನು ಬಿಟ್ಟು, ಆ ಬಡಕಲು ಎಮ್ಮೆ ಯಾರದು ಎಂದು ಕೇಳುತ್ತಿದ್ದರು. ನನ್ನದು ಎಂದು ಮುಂದೆ ಬಂದೆ. ಗೋಡೆಯ ಪಕ್ಕ ನಿಂತು ಫೋನನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದೆ. ನೋಡಿರಿ, ಎಷ್ಟು ಬೇಕಾದರೂ ನೋಡಿರಿ, ದೃಷ್ಟಿ ತಾಗಲಿ ಎಂದೆ. ಇಲ್ಲಿ ಯಾರೂ ಚೀಲ ಅವಚಿಕೊಳ್ಳಲಿಲ್ಲ, ಸುಲಭಾಳ ಕಾಕಾ ಎಂದು ಗೊತ್ತಿತ್ತಲ್ಲ. ಸಂಜೆಯವರೆಗೂ ಒಂದರ ಹಿಂದೆ ಒಂದು ಕೈ. ಕುಬೇರಪ್ಪ ತನ್ನ ಎಮ್ಮೆ ಬಿಟ್ಟು ನನ್ನ ಎಮ್ಮೆಗೆ ಜನರನ್ನು ಕರೆತರುತ್ತಿದ್ದ. ಸುಲಭಾ ಎರಡು ಸಲ ಊಟಕ್ಕೆ ಕರೆದಳು. ಎಮ್ಮೆ ತಿನ್ನುವಾಗ ಯಜಮಾನ ಏಳಬಾರದು.

ಇದಕ್ಕೆ ಎಷ್ಟು ದಿನ ಮೇವು ಹಾಕಬೇಕು ಎಂದು ಯಾರೋ ಕೇಳಿದರು.

“ಕೈ ಇರೂತನಕ,” ಎಂದಳು ಸುಲಭಾ.

ಈಗ ಕರೆವ್ವ ಬಂಗಾರಿಗಿಂತ ದಪ್ಪ. ಹೊಟ್ಟೆ ಬಿಟ್ಟು ಕೋಡು ಲೆಕ್ಕ ಹಿಡಿದರೆ.

೨೯ ಜುಲೈ, ಮಂಗಳವಾರ. ನಾಗರ ಪಂಚಮಿ

ಬೆಳಿಗ್ಗೆ ಹಾಲೆರೆದು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಡಬ್ಬಿ ಕೂತಿತ್ತು. ಅದೇ ಡಬ್ಬಿ, ರತ್ನವ್ವನ ಹೆಸರಿನದು. ಒಳಗೆ ಎಳ್ಳುಂಡಿ, ಪಕ್ಕದಲ್ಲಿ ಒಂದು ಪೊಟ್ಟಣ ಜೋಳದ ಅಳ್ಳು. ಮಧ್ಯಾಹ್ನದೊಳಗೆ ಮುಗಿದವು. ಸಾವಕ್ಕ ಎರಡು ತಿಂದಳು.

ನಮ್ಮ ಉಂಡಿಗಳೆಲ್ಲ ನಿನ್ನೆಯೇ ಓಣಿಗೆ ಹಂಚಿಹೋಗಿವೆ. ಹಂಚಿದವನು ನಾನೇ. ಶಶಿಕುಮಾರ, ಬೀರವ್ವ, ಇನ್ನೂ ಯಾರ್ಯಾರೋ, ಕೈ ಹಾಕಿದವರನ್ನೆಲ್ಲ ನೆನಪಿಟ್ಟುಕೊಳ್ಳಬೇಕಲ್ಲ. ಈಗ ಡಬ್ಬಿ ತೊಳೆದು ಮುಂದೆ ಇಟ್ಟುಕೊಂಡು ಕೂತರೆ ಮನೆಯಲ್ಲಿ ಹಾಕಲು ಏನೂ ಇಲ್ಲ. ಸಕ್ಕರೆಯೂ ಹಬ್ಬಕ್ಕೆ ತೀರಿದೆ. ನಾಳೆ ಕೊಟ್ಟರಾಯಿತು ಎಂದೆ.

“ಹಿಂದ ಇದ ‘ನಾಳಿ’ಗೆ ಎರಡ ವರ್ಷ ಹಿಡದಿತ್ತು,” ಎಂದಳು ಸಾವಕ್ಕ.

ಗೋಡೆಯ ಆಚೆ ಕುಬೇರಪ್ಪನ ಮನೆ ತುಂಬಿದೆ. ಪಂಚಮಿಗೆ ಇಬ್ಬರು ಹೆಣ್ಣುಮಕ್ಕಳೂ ತವರಿಗೆ ಬಂದಿದ್ದಾರೆ, ಜೊತೆಗೆ ನಾದಿನಿಯರು, ಮೊಮ್ಮಕ್ಕಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದಾರೆ. ಕೇಳುತ್ತ ಕೂತವನಿಗೆ ಒಂದು ಲೆಕ್ಕ ಹೊಳೆಯಿತು. ಒಂದೊಂದು ದನಿಗೂ ಎರಡೆರಡು ಕೈ. ಸರಪಳಿ ಒಂದನ್ನೇ ಒಪ್ಪಿದರೂ ಸಾಕಷ್ಟಾಯಿತು.

ಕರೆವ್ವನ ಗುರುತು ಕಾಣುವಂತೆ ಫೋನು ತೆರೆದು ಡಬ್ಬಿಯಲ್ಲಿ ಮಲಗಿಸಿದೆ. ಲಿಂಬೆಹಣ್ಣು ಹಾಕಲಿಲ್ಲ. ಮುಚ್ಚಳ ಒತ್ತಿ ಗೋಡೆಯ ಮೇಲಿಂದ ಚಾಚಿದೆ. ಕುಬೇರಪ್ಪನ ದೊಡ್ಡ ಮಗಳು ಭಾಗ್ಯಶ್ರೀ ಜೋಕಾಲಿಯಿಂದ ಇಳಿದು ಬಂದು ತೆಗೆದುಕೊಂಡಳು.

“ಭಾರ ಐತೆಲ್ರಿ ಕಾಕಾ. ಏನೈತ್ರಿ ಇದ್ರಾಗ?”

“ಎಮ್ಮಿ,” ಎಂದೆ.

ಈಗ ಸಂಜೆ. ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಗೋಡೆಯ ಆಚೆ ನನ್ನ ಕೈ ಆಯಿತು, ನಿನ್ನ ಕೈ ತಾ, ಅತ್ತೆಯ ಕೈ ಉಳಿದಿದೆ ಎಂದು ಗದ್ದಲ. ಸಾವಕ್ಕ ಬಂದು, ಫೋನು ಕೊಟ್ಟುಬಿಟ್ಟಿರಲ್ಲ, ಅದು ಯಾವಾಗ ಬರುತ್ತದೆ, ಕರೆವ್ವ ಯಾವಾಗ ಬರುತ್ತಾಳೆ ಎಂದು ಕೇಳುತ್ತಿದ್ದಾಳೆ.

ಬರುತ್ತಾಳೆ ಎಂದಿದ್ದೇನೆ, ಗಡಿಬಿಡಿ ಇಲ್ಲ. ಕುಬೇರಪ್ಪನ ಮನೆ ಪದ್ಧತಿಯ ಮನೆ. ತಮ್ಮದೇ ಡಬ್ಬಿಯಾದರೂ ಖಾಲಿ ಕಳಿಸುವವರಲ್ಲ.